ಮೂರೂಮುಕ್ಕಾಲು ಗಂಟೆಯ ಕೆಲಸಕ್ಕೆ 11 ದಿನ ಯಾಕೆ ಹಿಡಿಯುತ್ತದೆ?

ಒಂದು ಸೋಮವಾರ ಬೆಳಿಗ್ಗೆ 10 ಗಂಟೆಗೆ ನಮ್ಮ ಸಾಫ್ಟ್‌ವೇರ್ ತಂಡಕ್ಕೆ ಒಂದು ದೂರು ಬಂತು. "ನಾನು ಡೌನ್‌ಲೋಡ್ ಮಾಡಿಕೊಂಡ ವರದಿಯಲ್ಲಿ ದಿನ, ತಿಂಗಳು ಅದಲುಬದಲಾಗಿ ಬರ್ತಿದೆ" ಅಂತ ಬಳಕೆದಾರರೊಬ್ಬರು ಬರೆದಿದ್ದರು. ತಪ್ಪು ಸಣ್ಣದು. ಆದರೆ ಸರಿಪಡಿಸಿದ ವರದಿ ಅವರ ಕೈ ಸೇರಿದ್ದು ಎರಡು ವಾರ ಕಳೆದ ಮೇಲಿನ ಮಂಗಳವಾರ. ಅವರು ಮತ್ತೆ ಬರೆದರು: "ಸರಿಯಾಯ್ತು, ಥ್ಯಾಂಕ್ಸ್. ಇಷ್ಟಕ್ಕೆ ಇಷ್ಟು ದಿನ ಬೇಕಾ?"

ನ್ಯಾಯವಾದ ಪ್ರಶ್ನೆ. ಆ ಎರಡು ವಾರ ನಮ್ಮಲ್ಲಿ ಯಾರೂ ಸುಮ್ನೆ ಕೂತಿರಲಿಲ್ಲ. ಎಲ್ಲರಿಗೂ ಕೈತುಂಬ ಕೆಲಸ. ಹಾಗಿದ್ದರೆ ದಿನಗಳು ಎಲ್ಲಿ ಹೋದವು? ತಿಳಿಯಲೇಬೇಕು ಅನ್ನಿಸಿ, ಆ ಒಂದು ಟಿಕೆಟ್ (ಹೀಗೆ ದಾಖಲಾದ ಕೆಲಸಕ್ಕೆ ನಾವು ಕರೆಯುವ ಹೆಸರು) ನಡೆದುಬಂದ ದಾರಿಯನ್ನು ಗಂಟೆ, ನಿಮಿಷ ಹಾಕಿ ಕಾಗದದ ಮೇಲೆ ಬರೆದುಕೊಂಡೆ.

ಸೋಮವಾರ 10ಕ್ಕೆ ಬಂದ ದೂರನ್ನು ಸಪೋರ್ಟ್‌ನವರು ತೆರೆದು ನೋಡಿದ್ದು ಮಧ್ಯಾಹ್ನ 3ಕ್ಕೆ. 15 ನಿಮಿಷ ಪರೀಕ್ಷಿಸಿ, ತಪ್ಪು ನಿಜ ಎಂದು ಖಚಿತಪಡಿಸಿಕೊಂಡು ಮುಂದೆ ಕಳಿಸಿದರು. ಹೊಸ ಟಿಕೆಟ್‌ಗಳನ್ನು ಹಂಚುವ ಮೀಟಿಂಗ್ ನಡೆಯುವುದು ವಾರಕ್ಕೊಮ್ಮೆ, ಬುಧವಾರ 11ಕ್ಕೆ. ಅಲ್ಲಿ ಇದರ ಬಗ್ಗೆ 5 ನಿಮಿಷ ಮಾತು. ಯಾರಿಗೆ ಹಂಚಿದೆವೋ ಆ ಡೆವಲಪರ್ ಕೈಯಲ್ಲಿ ಆಗಲೇ ಎರಡು ಕೆಲಸ ಇದ್ದವು. ಅವರು ಇದನ್ನು ಎತ್ತಿಕೊಂಡದ್ದು ಶುಕ್ರವಾರ ಬೆಳಿಗ್ಗೆ 10ಕ್ಕೆ, ಮುಗಿಸಿದ್ದು 12ಕ್ಕೆ. ಎರಡೇ ಗಂಟೆ. ಆಮೇಲೆ ರಿವ್ಯೂ, ಅಂದರೆ ಬರೆದದ್ದನ್ನು ಇನ್ನೊಬ್ಬರು ಓದಿ ಪರಿಶೀಲಿಸುವುದು. ರಿವ್ಯೂ ಮಾಡುವವರು ನೋಡಿದ್ದು ಮುಂದಿನ ಸೋಮವಾರ ಸಂಜೆ 4ಕ್ಕೆ. 20 ನಿಮಿಷ ಓದಿ ಒಂದು ಪ್ರಶ್ನೆ ಕೇಳಿದರು. ಉತ್ತರ ಬಂದದ್ದು ಮಂಗಳವಾರ 11ಕ್ಕೆ, ಬರೆಯಲು ಹಿಡಿದದ್ದು 10 ನಿಮಿಷ. ಬುಧವಾರ 10ಕ್ಕೆ ಒಪ್ಪಿಗೆ ಸಿಕ್ಕಿತು, ಅದು 5 ನಿಮಿಷದ ಕೆಲಸ. ಟೆಸ್ಟಿಂಗ್ ಸರದಿ ಬಂದದ್ದು ಗುರುವಾರ ಮಧ್ಯಾಹ್ನ 3ಕ್ಕೆ, 40 ನಿಮಿಷ. ರಿಲೀಸ್, ಅಂದರೆ ಸರಿಪಡಿಸಿದ್ದನ್ನು ಬಳಕೆದಾರರಿಗೆ ತಲುಪಿಸುವುದು ಮಾತ್ರ ಪ್ರತಿ ಮಂಗಳವಾರ ಬೆಳಿಗ್ಗೆ. ಅದಕ್ಕೆ 10 ನಿಮಿಷ.

ಕೂಡಿಸಿ ನೋಡಿದೆ. ಯಾರಾದರೂ ನಿಜವಾಗಿ ಈ ಟಿಕೆಟ್ ಮೇಲೆ ಕೈಯಿಟ್ಟ ಹೊತ್ತು ಒಟ್ಟು 225 ನಿಮಿಷ, ಅಂದರೆ ಮೂರೂಮುಕ್ಕಾಲು ಗಂಟೆ. ದಿನಕ್ಕೆ 8 ಗಂಟೆಯಂತೆ ರಜಾದಿನ ಬಿಟ್ಟು ಲೆಕ್ಕ ಹಾಕಿದರೆ ಕಳೆದದ್ದು 11 ದಿನ, 88 ಗಂಟೆ. ಕೆಲಸ ನಡೆದದ್ದು ನೂರಕ್ಕೆ ನಾಲ್ಕು ಪಾಲು ಚಿಲ್ಲರೆ. ಉಳಿದ 96 ಪಾಲು ಹೊತ್ತು ಟಿಕೆಟ್ ಕೂತಲ್ಲೇ ಕೂತಿತ್ತು.

ಆ ಕಾಗದ ನೋಡುತ್ತಾ ಇನ್ನೊಂದು ವಿಷಯ ಹೊಳೆಯಿತು. ಡೆವಲಪರ್ ಎರಡು ಗಂಟೆಯ ಕೆಲಸವನ್ನು ಒಂದೇ ಗಂಟೆಯಲ್ಲಿ ಮುಗಿಸಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಟಿಕೆಟ್ ಶುಕ್ರವಾರ 12ರ ಬದಲು 11ಕ್ಕೆ ರಿವ್ಯೂ ಸಾಲಿಗೆ ಹೋಗಿ, ಅದೇ ಸೋಮವಾರ 4ರವರೆಗೆ ಕಾಯುತ್ತಿತ್ತು. ತಂಡದ ಅಷ್ಟೂ ಜನ ಎರಡರಷ್ಟು ಚುರುಕಾಗಿದ್ದರೂ 88 ಗಂಟೆಯಲ್ಲಿ ಹೆಚ್ಚೆಂದರೆ ಎರಡು ಗಂಟೆ ಉಳಿಯುತ್ತಿತ್ತು. ತಂಡ ನಿಧಾನ ಅನ್ನಿಸಿದಾಗಲೆಲ್ಲ ನಾವು ಜನರಿಗೆ "ಬೇಗ ಮಾಡಿ" ಅನ್ನುತ್ತೇವೆ, ಅಲ್ವಾ? ನಾವು ಒತ್ತಡ ಹಾಕುತ್ತಿರುವುದು ಆ ನಾಲ್ಕು ಪಾಲಿನ ಮೇಲೆ.

ಎರಡು ಬಗೆಯ ಕಾಯುವಿಕೆ

ಕೆಲಸವಿಲ್ಲದೆ ಮನುಷ್ಯ ಕಾಯುವುದು ಒಂದು ಬಗೆ. ಮನುಷ್ಯರು ಸಿಗದೆ ಕೆಲಸ ಕಾಯುವುದು ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯದು ಯಾರಿಗೂ ಕಾಣುವುದಿಲ್ಲ. ಕಾರ್ಖಾನೆಯಲ್ಲಾದರೆ ಎರಡು ಯಂತ್ರಗಳ ನಡುವೆ ಬಿಡಿಭಾಗಗಳ ರಾಶಿ ಬೆಳೆಯುತ್ತದೆ, ನಡೆಯುವ ದಾರಿಗೇ ಅಡ್ಡ ಬರುತ್ತದೆ. ಆಫೀಸಿನ ರಾಶಿ ಕಂಪ್ಯೂಟರ್ ಒಳಗೆ ಬೆಳೆಯುತ್ತದೆ. "ಪೆಂಡಿಂಗ್" ಅನ್ನುವ ಒಂದು ಪದದ ಹಿಂದೆ 3 ಟಿಕೆಟ್ ಇದ್ದರೂ ಅಷ್ಟೇ, 300 ಇದ್ದರೂ ಅಷ್ಟೇ.

ಹಾಗಾಗಿ ಮೊದಲನೆಯದನ್ನು ತಪ್ಪಿಸಲು ಎಲ್ಲರೂ ಹೆಣಗುತ್ತಾರೆ. ಯಾರ ಕೈಯೂ ಖಾಲಿ ಇರಬಾರದು ಅಂತ ಪ್ರತಿಯೊಬ್ಬರ ಮುಂದೆಯೂ ಒಂದಷ್ಟು ಕೆಲಸ ಗುಡ್ಡೆ ಹಾಕಿ ಇಡುತ್ತಾರೆ. ಆ ಗುಡ್ಡೆಯೇ ಎರಡನೇ ಬಗೆಯ ಕಾಯುವಿಕೆ. ಒಂದನ್ನು ಸೊನ್ನೆಗೆ ಇಳಿಸಲು ಹೊರಟರೆ ಇನ್ನೊಂದು ಏರುತ್ತದೆ. ಅದೂ ಸುಮ್ಮನೆ ಏರುವುದಿಲ್ಲ, ಜಿಗಿಯುತ್ತದೆ.

ಈ ಜಿಗಿತದ ಲೆಕ್ಕ ನೂರು ವರ್ಷಕ್ಕೂ ಹಳೆಯದು. ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದರು. ಕರೆಗಳು ಹೇಳಿ ಕೇಳಿ ಬರುವುದಿಲ್ಲ. ಒಂದು ನಿಮಿಷ ಒಂದೂ ಇಲ್ಲ, ಮರುನಿಮಿಷ ನಾಲ್ಕು. ಹೀಗಿರುವಾಗ ಎಷ್ಟು ಲೈನ್ ಇದ್ದರೆ ಜನ ಎಷ್ಟು ಹೊತ್ತು ಕಾಯಬೇಕಾಗುತ್ತದೆ? ಈ ಪ್ರಶ್ನೆಯನ್ನು ಹಿಡಿದು ಅವರು 1909ರಲ್ಲೂ 1917ರಲ್ಲೂ ಪ್ರಕಟಿಸಿದ ಲೇಖನಗಳಿಂದಲೇ ಸರದಿ ಸಾಲಿನ ಗಣಿತ ಶುರುವಾಯಿತು. ಟೆಲಿಫೋನ್ ಕರೆಗೆ ಹೊಂದುವ ಆ ಲೆಕ್ಕ ಟಿಕೆಟ್‌ಗೂ ಹೊಂದುತ್ತದೆ, ಅರ್ಜಿಗೂ ಹೊಂದುತ್ತದೆ.

ಅದರ ಸರಳ ರೂಪ ಹೀಗಿದೆ. ಕೆಲಸ ಮಾಡುವವರು ಒಬ್ಬರು. ಕೆಲಸಗಳು ಯಾವಾಗ ಬೇಕಾದರೂ ಬರುತ್ತವೆ. ಒಂದೊಂದಕ್ಕೆ ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಆಗುತ್ತದೆ, ಸರಾಸರಿ 1 ಗಂಟೆ. ಅವರ ದಿನದಲ್ಲಿ ಅರ್ಧ ಹೊತ್ತು ಮಾತ್ರ ಕೆಲಸ ತುಂಬಿದ್ದರೆ, ಹೊಸದಾಗಿ ಬಂದದ್ದು ಸರಾಸರಿ 1 ಗಂಟೆ ಕಾಯುತ್ತದೆ. ನೂರಕ್ಕೆ 80 ಪಾಲು ತುಂಬಿದ್ದರೆ 4 ಗಂಟೆ. 90 ಆದರೆ 9 ಗಂಟೆ. 95 ಆದರೆ 19 ಗಂಟೆ.

ಕೊನೆಯ ಎರಡು ಅಂಕಿಗಳನ್ನು ಇನ್ನೊಮ್ಮೆ ನೋಡಿ. 90ರಿಂದ 95ಕ್ಕೆ ಹೋಗುವಾಗ ಆ ವ್ಯಕ್ತಿಯ ಮೇಲೆ ಬಿದ್ದ ಹೊರೆ ಚೂರೇ ಚೂರು. "ಇದೊಂದು ಸಣ್ಣದು ಸೇರಿಸ್ಕೊಳ್ಳಿ" ಅಂತ ಹೇಳುವಷ್ಟು. ಕಾಯುವ ಹೊತ್ತು ಮಾತ್ರ ಎರಡರಷ್ಟಾಯಿತು. ಹೊರೆ 100ರ ಹತ್ತಿರ ಹೋದಂತೆ ಸಾಲಿಗೆ ಮಿತಿಯೇ ಇಲ್ಲ.

ಯಾಕೆ ಹೀಗೆ? ಖಾಲಿ ಹೊತ್ತನ್ನು ಕೂಡಿಡಲು ಆಗುವುದಿಲ್ಲ, ಅದಕ್ಕೆ. ಬೆಳಿಗ್ಗೆ ಒಂದು ಗಂಟೆ ಯಾವ ಕೆಲಸವೂ ಬರಲಿಲ್ಲ ಅಂದುಕೊಳ್ಳಿ, ಆ ಗಂಟೆ ಹೋಯಿತು. ಮಧ್ಯಾಹ್ನ ಮೂರು ಕೆಲಸ ಒಟ್ಟಿಗೆ ಬಂದವು ಅಂದುಕೊಳ್ಳಿ, ಬೆಳಗಿನ ಗಂಟೆಯನ್ನು ತಂದು ಅಲ್ಲಿ ಬಳಸಲು ಆಗುವುದಿಲ್ಲ. ಒಂದು ಕೆಲಸ ನಡೆಯುತ್ತದೆ, ಎರಡು ಕಾಯುತ್ತವೆ. ಒಮ್ಮೆ ಸಾಲು ಬೆಳೆದರೆ ಅದನ್ನು ಕರಗಿಸಲು ಬಿಡುವು ಬೇಕು. ದಿನದಲ್ಲಿ ನೂರಕ್ಕೆ 5 ಪಾಲು ಮಾತ್ರ ಬಿಡುವಿದ್ದರೆ ಕರಗುವುದು ಬಹಳ ನಿಧಾನ. ಅಷ್ಟರಲ್ಲಿ ಮತ್ತೆರಡು ಬಂದಿರುತ್ತವೆ.

1961ರಲ್ಲಿ ಬ್ರಿಟಿಷ್ ಗಣಿತಜ್ಞ ಜಾನ್ ಕಿಂಗ್‌ಮನ್ ಇದಕ್ಕೆ ಇನ್ನೊಂದು ಮುಖ್ಯ ಸಂಗತಿ ಸೇರಿಸಿದರು. ಕಾಯುವ ಹೊತ್ತು ಸುಮಾರಾಗಿ ಮೂರು ಸಂಗತಿಗಳ ಗುಣಾಕಾರ: ಹೊರೆ ಎಷ್ಟು, ಏರುಪೇರು ಎಷ್ಟು, ಒಂದು ಕೆಲಸದ ಗಾತ್ರ ಎಷ್ಟು. ಇದು ಗುಣಾಕಾರ, ಕೂಡುವ ಲೆಕ್ಕವಲ್ಲ. ಅಂದರೆ ಹೊರೆ ಅಷ್ಟೇ ಇದ್ದರೂ, ಏರುಪೇರನ್ನಾಗಲಿ ಗಾತ್ರವನ್ನಾಗಲಿ ಅರ್ಧ ಮಾಡಿದರೆ ಕಾಯುವ ಹೊತ್ತು ಸುಮಾರು ಅರ್ಧವಾಗುತ್ತದೆ. ಹೊಸಬರನ್ನು ಸೇರಿಸಿಕೊಳ್ಳಲು ಆಗದ ತಂಡಕ್ಕೆ ಇದು ದೊಡ್ಡ ಸಮಾಧಾನ. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿದರೂ ಆಗುತ್ತದೆ, ಬರುವ ಮತ್ತು ಮುಗಿಯುವ ರೀತಿಯಲ್ಲಿ ಏರುಪೇರು ತಗ್ಗಿಸಿದರೂ ಆಗುತ್ತದೆ.

ಎರಡು ಸಾಲಿನ ಬದಲು ಒಂದು ಸಾಲು

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ಇಬ್ಬರಿದ್ದಾರೆ, ಇಬ್ಬರಿಗೂ ಬೇರೆ ಬೇರೆ ಸಾಲು, "ಇದು ಅವರಿಗೆ, ಇದು ಇವರಿಗೆ" ಅಂತ ಮೊದಲೇ ಹಂಚಿಕೆ. ಇಬ್ಬರ ಹೊರೆಯೂ 80 ಪಾಲು, ಒಂದು ಕೆಲಸಕ್ಕೆ ಸರಾಸರಿ 1 ಗಂಟೆ. ಮೇಲಿನ ಲೆಕ್ಕದಂತೆ ಸರಾಸರಿ ಕಾಯುವಿಕೆ 4 ಗಂಟೆ. ಈಗ ಎರಡು ಸಾಲನ್ನು ಒಂದೇ ಮಾಡಿ, ಯಾರ ಕೈ ಖಾಲಿಯಾಯಿತೋ ಅವರು ಮುಂದಿನದನ್ನು ಎತ್ತಿಕೊಳ್ಳಲಿ. ಜನ ಅಷ್ಟೇ, ಕೆಲಸ ಅಷ್ಟೇ, ಹೊರೆಯೂ ಅಷ್ಟೇ. ಕಾಯುವಿಕೆ 4 ಗಂಟೆಯಿಂದ ಸುಮಾರು ಒಂದೂಮುಕ್ಕಾಲು ಗಂಟೆಗೆ ಇಳಿಯುತ್ತದೆ.

ಒಬ್ಬರ ಮುಂದೆ ಮೂರು ಕೆಲಸ ಕೂತಿರುವಾಗ ಪಕ್ಕದವರು ಖಾಲಿ ಕೂರುವ ಸಂದರ್ಭ ಇಲ್ಲಿ ಇರುವುದಿಲ್ಲ. ಅಷ್ಟೇ ಗುಟ್ಟು. ಆದರೆ ಇದಕ್ಕೆ ಒಂದು ಷರತ್ತು ಇದೆ. ಇಬ್ಬರಿಗೂ ಎರಡೂ ಕೆಲಸ ಬರಬೇಕು. "ಆ ಭಾಗ ಅವರಿಗೆ ಮಾತ್ರ ಗೊತ್ತು" ಅನ್ನುವ ಮಾತು ತಂಡದಲ್ಲಿ ಎಷ್ಟು ಸಲ ಕೇಳಿಬರುತ್ತದೋ ಅಷ್ಟು ಬೇರೆ ಬೇರೆ ಸಾಲುಗಳಿವೆ ಎಂದರ್ಥ. ಆ ಒಬ್ಬರು ರಜೆ ಹಾಕಿದ ದಿನ ಸಾಲು ನಿಂತೇಬಿಡುತ್ತದೆ.

ಕೈಯಲ್ಲಿ ಎಷ್ಟಿವೆ?

1961ರಲ್ಲೇ ಅಮೆರಿಕದ ಜಾನ್ ಲಿಟಲ್ ಒಂದು ಸಂಬಂಧವನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಎಷ್ಟು ಸರಳ ಅಂದರೆ, ಮೊದಲ ಸಲ ಓದಿದಾಗ ಇದರಲ್ಲೇನಿದೆ ಅನ್ನಿಸುತ್ತದೆ. ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಕೆಲಸ ಇದೆಯೋ, ಅದನ್ನು ವಾರಕ್ಕೆ ಎಷ್ಟು ಮುಗಿಯುತ್ತದೆ ಅನ್ನುವುದರಿಂದ ಭಾಗಿಸಿ. ಬರುವ ಉತ್ತರವೇ ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ವಾರಗಳು. ಕೆಲಸ ಯಾವ ಬಗೆಯದು, ಯಾವ ಸರದಿಯಲ್ಲಿ ಮಾಡುತ್ತೀರಿ, ಎಷ್ಟು ಏರುಪೇರಿದೆ ಅನ್ನುವುದು ಯಾವುದೂ ಬೇಕಿಲ್ಲ. ಒಳಗೆ ಬರುವುದೂ ಹೊರಗೆ ಹೋಗುವುದೂ ದೀರ್ಘಕಾಲದಲ್ಲಿ ಸಮವಾಗಿದ್ದರೆ ಸಾಕು.

ನಮ್ಮ ತಂಡದಲ್ಲಿ ಎಣಿಸಿದಾಗ ಶುರುವಾಗಿ ಮುಗಿಯದ ಕೆಲಸಗಳು 24 ಇದ್ದವು. ವಾರಕ್ಕೆ ಮುಗಿಯುತ್ತಿದ್ದದ್ದು ಸುಮಾರು 8. ಅಂದರೆ ಸರಾಸರಿ 3 ವಾರ. ಇದು ಯಾರ ಸೋಮಾರಿತನದ ಲೆಕ್ಕವೂ ಅಲ್ಲ. ವಾರಕ್ಕೆ 8 ಮುಗಿಸುವ ತಂಡ 24 ಕೆಲಸ ಹರವಿಕೊಂಡು ಕೂತರೆ 3 ವಾರ ಆಗಲೇಬೇಕು. ಅದೇ ಜನ, ಅದೇ ವೇಗದಲ್ಲಿ, 12 ಮಾತ್ರ ಹಿಡಿದುಕೊಂಡರೆ ಒಂದೂವರೆ ವಾರ.

"ಆದರೆ ಬೇಗ ಶುರು ಮಾಡಿದರೆ ಬೇಗ ಮುಗಿಯುತ್ತಲ್ವಾ?" ಅಂತ ನಮ್ಮಲ್ಲೂ ಕೇಳಿದರು. ಅವರಿಗೆ ಹೇಳಿದ ಉದಾಹರಣೆ ಇದು. ಮೂರು ಕೆಲಸ, ಒಂದೊಂದಕ್ಕೆ 3 ದಿನ. ಒಂದಾದ ಮೇಲೆ ಒಂದು ಮಾಡಿದರೆ 3ನೇ ದಿನ, 6ನೇ ದಿನ, 9ನೇ ದಿನ ಒಂದೊಂದು ಮುಗಿಯುತ್ತದೆ. ಸರಾಸರಿ 6 ದಿನ. ಯಾರಿಗೂ ಬೇಜಾರಾಗದಿರಲಿ ಅಂತ ದಿನಕ್ಕೊಂದರಂತೆ ಮೂರನ್ನೂ ಸುತ್ತಿ ಸುತ್ತಿ ಮಾಡಿದರೆ ಮುಗಿಯುವುದು 7, 8, 9ನೇ ದಿನ. ಸರಾಸರಿ 8. ಮೂರನೆಯದಕ್ಕೆ ಲಾಭವೇನೂ ಆಗಲಿಲ್ಲ, ಮೊದಲ ಎರಡಕ್ಕೆ ನಷ್ಟವಾಯಿತು. ಒಂದರಿಂದ ಇನ್ನೊಂದಕ್ಕೆ ಹಾರುವಾಗ "ನಾನು ಎಲ್ಲಿದ್ದೆ" ಅಂತ ನೆನಪಿಸಿಕೊಳ್ಳುವ ಹೊತ್ತನ್ನು ಇಲ್ಲಿ ಸೇರಿಸಿಯೇ ಇಲ್ಲ.

ಟೊಯೋಟಾ ಕಾರ್ಖಾನೆಗಳಲ್ಲಿ ತಾಯಿಚಿ ಓನೋ ಬೆಳೆಸಿದ ಕಾನ್‌ಬಾನ್ ಪದ್ಧತಿಯ ಜೀವಾಳವೂ ಇದೇ. ಮುಂದಿನ ಹಂತದವರಿಗೆ ಬೇಕಾದಾಗ ಒಂದು ಚೀಟಿ ಹಿಂದಕ್ಕೆ ಬರುತ್ತದೆ, ಆಗ ಮಾತ್ರ ಹಿಂದಿನ ಹಂತದವರು ಮಾಡಿಕೊಡುತ್ತಾರೆ. ಚೀಟಿಗಳು ಎಷ್ಟಿವೆಯೋ ಅಷ್ಟೇ ಕೆಲಸ ದಾರಿಯಲ್ಲಿರುತ್ತದೆ. ಇವತ್ತು ಎಷ್ಟೋ ತಂಡಗಳು ಬೋರ್ಡ್ ಮೇಲೆ ಚೀಟಿ ಅಂಟಿಸಿ ಅದನ್ನೇ ಕಾನ್‌ಬಾನ್ ಅನ್ನುತ್ತವೆ. ಚೀಟಿಗಳ ಸಂಖ್ಯೆಗೆ ಮಿತಿ ಇಲ್ಲದಿದ್ದರೆ ಅದು ಬರೀ ಪಟ್ಟಿ.

ಕ್ಯಾಲೆಂಡರ್ ಮಾಡುವ ಸಾಲು

ನಮ್ಮ ಟಿಕೆಟ್ ಬುಧವಾರದ ಮೀಟಿಂಗ್‌ಗಾಗಿಯೂ ಮಂಗಳವಾರದ ರಿಲೀಸ್‌ಗಾಗಿಯೂ ಕಾದದ್ದು ಒಟ್ಟು 30 ಗಂಟೆ, ಸುಮಾರು 4 ದಿನ. ಇದು ಯಾರ ಹೊರೆಯಿಂದಲೂ ಆದದ್ದಲ್ಲ. ನಾವೇ ಹಾಕಿಕೊಂಡ ವಾರದ ಗಡಿ. ಲೆಕ್ಕ ಬಹಳ ಸುಲಭ: ಒಂದು ಬಾಗಿಲು ವಾರಕ್ಕೊಮ್ಮೆ ತೆರೆದರೆ ಸರಾಸರಿ ಅರ್ಧ ವಾರ ಕಾಯಬೇಕು, ದಿನಕ್ಕೊಮ್ಮೆ ತೆರೆದರೆ ಅರ್ಧ ದಿನ. ಇಂಥ ಎರಡು ವಾರದ ಬಾಗಿಲು ದಾಟುವ ಪ್ರತಿ ಕೆಲಸಕ್ಕೂ ಸರಾಸರಿ 5 ಕೆಲಸದ ದಿನ ಅಲ್ಲೇ ಹೋಗುತ್ತದೆ. ಕೈಬೆರಳಿನಲ್ಲಿ ಎಣಿಸಬಹುದಾದ ಈ ಲೆಕ್ಕವನ್ನು ನಾವು ವರ್ಷಗಟ್ಟಲೆ ಮಾಡಿರಲಿಲ್ಲ ಅನ್ನುವುದು ನನಗೆ ಈಗಲೂ ಬೇಸರದ ಸಂಗತಿ.

ಸಾಲು ಸಾಲನ್ನು ಹುಟ್ಟಿಸುತ್ತದೆ

ಕಾಯುವಿಕೆಯಿಂದ ತಡ ಆಗುತ್ತದೆ, ಅಷ್ಟೇ ತಾನೇ ಅಂದುಕೊಂಡರೆ ಅರ್ಧ ಮಾತ್ರ ಹಿಡಿದಂತೆ. ಕಾಯುವ ಕೆಲಸ ಹೊಸ ಕೆಲಸ ಹುಟ್ಟಿಸುತ್ತದೆ.

ಶುಕ್ರವಾರ ಬರೆದದ್ದರ ಬಗ್ಗೆ ಸೋಮವಾರ ಸಂಜೆ ಪ್ರಶ್ನೆ ಬಂದಾಗ ಡೆವಲಪರ್ ತಲೆಯಲ್ಲಿ ಬೇರೆ ವಿಷಯ ತುಂಬಿತ್ತು. ತಾವೇ ಬರೆದದ್ದನ್ನು ಮತ್ತೆ ಮೊದಲಿಂದ ಓದಬೇಕಾಯಿತು. ಅತ್ತ ದೂರು ಕೊಟ್ಟವರು ಒಂದು ವಾರ ನೋಡಿ "ಏನಾಯ್ತು?" ಅಂತ ಕೇಳಿದರು. ಅವರಿಗೆ ಉತ್ತರಿಸಲು ಸಪೋರ್ಟ್‌ನವರು ಡೆವಲಪರ್‌ಗೆ ಮೆಸೇಜ್ ಮಾಡಿದರು, ಡೆವಲಪರ್ ರಿವ್ಯೂ ಮಾಡುವವರನ್ನು ಕೇಳಿದರು. ಮೂವರ ಕೆಲಸ ನಿಂತಿತು, ಟಿಕೆಟ್ ಒಂದಿಂಚೂ ಮುಂದೆ ಹೋಗಲಿಲ್ಲ. ಇವೆಲ್ಲ ಹೊರೆಯನ್ನೇ ಹೆಚ್ಚಿಸುತ್ತವೆ. 90 ಇದ್ದದ್ದು 95 ಆದರೆ ಏನಾಗುತ್ತದೆ ಅಂತ ಮೇಲೆ ನೋಡಿದೆವಲ್ಲ.

ಇದರ ಮೇಲೆ "ಅರ್ಜೆಂಟ್" ಅನ್ನುವ ಹಣೆಪಟ್ಟಿ. ಸಾಲು ಉದ್ದವಾದಷ್ಟೂ ಅರ್ಜೆಂಟ್‌ಗಳು ಜಾಸ್ತಿ, ಯಾಕೆಂದರೆ ಸಾಲಿನಲ್ಲಿ ನಿಂತರೆ ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಒಂದನ್ನು ಮುಂದೆ ತಂದರೆ ಉಳಿದೆಲ್ಲವೂ ಅಷ್ಟು ಹಿಂದೆ ಸರಿಯುತ್ತವೆ. ಹಾಗೆ ಹಿಂದೆ ಸರಿದವರೂ ಮುಂದಿನ ಸಲ ಅರ್ಜೆಂಟ್ ಅಂತಲೇ ಬರೆಯುತ್ತಾರೆ. ಅವರದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನಾವೇ ಅವರಿಗೆ ಆ ಪಾಠ ಕಲಿಸಿದ್ದೇವೆ.

ಇನ್ನೂ ದುಬಾರಿಯಾದದ್ದು ತಡವಾಗಿ ತಿಳಿಯುವ ತಪ್ಪು. ನಮ್ಮ ವರದಿಯ ತಪ್ಪನ್ನು ಸರಿಪಡಿಸಿದ ರೀತಿಯೇ ಸರಿಯಿಲ್ಲ ಅಂತ ಟೆಸ್ಟಿಂಗ್‌ನಲ್ಲಿ ಗೊತ್ತಾಗಿದ್ದರೆ, ಅದು ಗೊತ್ತಾಗಲು ದೂರು ಬಂದ ದಿನದಿಂದ 8 ಕೆಲಸದ ದಿನಕ್ಕೂ ಹೆಚ್ಚು ಹಿಡಿಯುತ್ತಿತ್ತು. ಅಷ್ಟರಲ್ಲಿ ಅದೇ ತಪ್ಪು ನಂಬಿಕೆಯ ಮೇಲೆ ಬೇರೆಯವರು ಇನ್ನೊಂದು ಕೆಲಸ ಕಟ್ಟಿರಬಹುದು.

ಎಲ್ಲಿಂದ ಹಿಡಿಯುವುದು

ಮೊದಲು ಅಳೆಯಿರಿ. ಅದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಇತ್ತೀಚೆಗೆ ಮುಗಿದ ಐದಾರು ಕೆಲಸ ತೆಗೆದುಕೊಂಡು ನಾನು ಬರೆದುಕೊಂಡ ಹಾಗೆ ಬರೆಯಿರಿ: ಈ ಹಂತಕ್ಕೆ ಯಾವಾಗ ಬಂತು, ಯಾವಾಗ ಕೈಗೆತ್ತಿಕೊಂಡರು, ಯಾವಾಗ ಬಿಟ್ಟರು. ಬಂದದ್ದಕ್ಕೂ ಎತ್ತಿಕೊಂಡದ್ದಕ್ಕೂ ನಡುವಿನ ಅಂತರವೇ ಸಾಲು. ಎಲ್ಲಿ ಅದು ದೊಡ್ಡದೋ ಅಲ್ಲಿಂದ ಶುರು ಮಾಡಿ. ಜನರ ಹೆಸರು ಬರೆಯಬೇಡಿ, ಹಂತದ ಹೆಸರು ಮಾತ್ರ ಸಾಕು. ಹೆಸರು ಬಂದ ಕೂಡಲೇ ಮಾತು ಯಾರು ನಿಧಾನ ಅನ್ನುವ ಕಡೆ ತಿರುಗುತ್ತದೆ, ಸಾಲು ಇದ್ದಲ್ಲೇ ಇರುತ್ತದೆ.

ನಮ್ಮಲ್ಲಿ ಅತಿ ದೊಡ್ಡ ಸಾಲು ರಿವ್ಯೂನಲ್ಲಿತ್ತು. ಪ್ರಶ್ನೋತ್ತರವೂ ಸೇರಿ 35 ನಿಮಿಷದ ಕೆಲಸಕ್ಕೆ ಇಪ್ಪತ್ತೊಂದೂವರೆ ಗಂಟೆ ಕಾಯುವಿಕೆ. ಕಾರಣ ಸರಳ. ಎಲ್ಲರೂ ತಮ್ಮ ಕೆಲಸ ಮುಗಿಸಿ ಆಮೇಲೆ ಬೇರೆಯವರದ್ದು ನೋಡುತ್ತಿದ್ದರು. ಅದನ್ನು ತಿರುಗಿಸಿದೆವು. ಬೆಳಿಗ್ಗೆ ಬಂದ ಕೂಡಲೇ ಒಮ್ಮೆ, ಊಟದ ಬಿಡುವಿನ ನಂತರ ಒಮ್ಮೆ, ಹೊಸದನ್ನು ಮುಟ್ಟುವ ಮೊದಲು ರಿವ್ಯೂ ಸಾಲು ಖಾಲಿ ಮಾಡುವುದು. ವಾರದ ಮೀಟಿಂಗ್ ತೆಗೆದು ದಿನಕ್ಕೆ 10 ನಿಮಿಷ ಮಾಡಿದೆವು. ಕೈಯಲ್ಲಿರುವ ಕೆಲಸಕ್ಕೆ 12ರ ಮಿತಿ ಹಾಕಿದೆವು. ಇದು ಕಷ್ಟವಾಯಿತು. ಮಿತಿ ತಲುಪಿದ ದಿನ ಕೈ ಖಾಲಿ ಇದ್ದವರು ಹೊಸದನ್ನು ಶುರು ಮಾಡುವಂತಿಲ್ಲ, ಸಿಕ್ಕಿಹಾಕಿಕೊಂಡ ಇನ್ನೊಬ್ಬರ ಕೆಲಸಕ್ಕೆ ಕೈಜೋಡಿಸಬೇಕು. ಮೊದಲ ಎರಡು ವಾರ ಕೆಲವರಿಗೆ ಸುಮ್ನೆ ಕೂತಂತೆ ಅನ್ನಿಸಿ ಕಸಿವಿಸಿಯಾಯಿತು. ರಿಲೀಸ್ ದಿನಾ ಮಾಡಲು ಸಾಧ್ಯವಾಗಿದ್ದು ಕೊನೆಯಲ್ಲಿ. ಅದಕ್ಕೆ ಮೊದಲು ಕೈಯಿಂದ ಮಾಡುತ್ತಿದ್ದ ಒಂದಷ್ಟು ತಪಾಸಣೆಗಳನ್ನು ತಾನಾಗಿ ನಡೆಯುವಂತೆ ಮಾಡಬೇಕಿತ್ತು.

ಎಲ್ಲ ಕಾಯುವಿಕೆಯೂ ಕೆಟ್ಟದ್ದಲ್ಲ, ಇದನ್ನೂ ಹೇಳಬೇಕು. ಡೇಟಾ ಅಳಿಸುವ ಮುನ್ನ ಒಂದು ದಿನ ಬಿಡುವುದು, ದೊಡ್ಡ ಬದಲಾವಣೆಯನ್ನು ಮೊದಲು ಕೆಲವೇ ಜನರಿಗೆ ಕೊಟ್ಟು ನೋಡುವುದು, ಇಂಥವನ್ನು ನಾವು ಬೇಕೆಂದೇ ಇಟ್ಟುಕೊಂಡಿದ್ದೇವೆ. ಅಲ್ಲಿ ಕಾಯುವುದೇ ಕೆಲಸ. ಯಾಕೆ ಕಾಯುತ್ತಿದೆ ಅಂತ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ. ರಿವ್ಯೂ ಸಾಲಿನಲ್ಲಿ ಕೂತಿದ್ದ ಟಿಕೆಟ್‌ಗೆ ಹಾಗೆ ಉತ್ತರ ಇರಲಿಲ್ಲ.

ಕೆಲವು ತಿಂಗಳ ನಂತರ ವರದಿಯ ಬಗ್ಗೆಯೇ ಇನ್ನೊಂದು ದೂರು ಬಂತು, ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು. ಗುರುವಾರ ಬೆಳಿಗ್ಗೆ ಬಂದದ್ದು ಸೋಮವಾರ ಸಂಜೆ ಸರಿಯಾಗಿ ಹೊರಗೆ ಹೋಯಿತು. ಡೆವಲಪರ್‌ಗೆ ಹಿಡಿದದ್ದು ಈ ಸಲವೂ ಎರಡು ಗಂಟೆಯೇ. ಮತ್ತೆ ಕಾಗದ ತೆಗೆದು ಬರೆದುಕೊಂಡೆ. ಉಳಿದಿರುವುದರಲ್ಲಿ ದೊಡ್ಡ ತುಂಡು ಟೆಸ್ಟಿಂಗ್ ಮುಂದೆ ಕೂತಿದೆ. ಅಲ್ಲಿ ಈಗಲೂ ಒಬ್ಬರೇ ಇದ್ದಾರೆ, ಅವರ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ತುಂಬಿದೆ. ಆ ಕೆಲಸ ಕಲಿಯಲು ಡೆವಲಪರ್‌ಗಳಲ್ಲಿ ಇಬ್ಬರು ಈ ವಾರದಿಂದ ಅವರ ಪಕ್ಕ ಕೂರುತ್ತಿದ್ದಾರೆ.